ವಿದ್ಯುನ್ಮಾನ ಮತಯಂತ್ರದ ವಿಶ್ವಾಸಾರ್ಹತೆ ಹಾಗೂ ಮತದಾರರ ಪರಿಶೀಲನಾ ಅವಕಾಶಗಳು

ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಲ್ಲಿ ಮತದಾನವು ವಿದ್ಯುನ್ಮಾನ ಮತಯಂತ್ರಗಳ ಮೂಲಕ ನಡೆಯುತ್ತದೆ. ಒತ್ತಿದ ಗುಂಡಿಗೆ ಅನುಗುಣವಾಗಿಯೇ ಮತ ದಾಖಲಾಗುತ್ತದೆಯೇ, ದಾಖಲಾದ ಮತವು ಎಣಿಕೆಯವರೆಗೂ ಬದಲಾಗದೆ ಉಳಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ಮತದಾರರು ಕೇಳುವುದು ಸಹಜ. ಮತಪೆಟ್ಟಿಗೆಯ ಕಾಲದಲ್ಲಿ ಮತದಾರನು ತಾನೇ ಮುದ್ರೆಯೊತ್ತಿ, ತಾನೇ ಮಡಿಸಿ, ಪೆಟ್ಟಿಗೆಗೆ ಹಾಕುತ್ತಿದ್ದನು. ಯಂತ್ರದ ಒಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಯಂತ್ರದ ಮೇಲಿನ ನಂಬಿಕೆಯು ಅದನ್ನು ಯಾರು, ಯಾವ ಹಂತದಲ್ಲಿ, ಯಾವ ರೀತಿ ಪರಿಶೀಲಿಸಬಹುದು ಎಂಬುದನ್ನು ಅವಲಂಬಿಸಿರುತ್ತದೆ. ಕಾನೂನು ಒದಗಿಸಿರುವ ಪರಿಶೀಲನೆಗಳಲ್ಲಿ ಹಲವು ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಎದುರಿನಲ್ಲಿ ನಡೆಯುತ್ತವೆ. ಒಂದು ಮಾತ್ರ ಪ್ರತಿಯೊಬ್ಬ ಮತದಾರನ ಕೈಯಲ್ಲಿಯೇ ಇದೆ, ಮತ್ತು ಅದಕ್ಕಿರುವ ಕಾಲಾವಕಾಶ ಏಳು ಸೆಕೆಂಡುಗಳು. ಸಾರ್ವಜನಿಕರ ತಿಳಿವಳಿಕೆಗಾಗಿ ಈ ವಿಷಯಗಳನ್ನು ಕೆಳಗೆ ವಿವರಿಸಲಾಗಿದೆ.

ಯಂತ್ರದ ರಚನೆ

ಮತಯಂತ್ರವು ಎರಡು ಮುಖ್ಯ ಘಟಕಗಳನ್ನು ಹೊಂದಿದೆ. ಮೊದಲನೆಯದು ಮತಗಟ್ಟೆ ಸಿಬ್ಬಂದಿಯ ಮೇಜಿನ ಮೇಲಿರುವ ನಿಯಂತ್ರಣ ಘಟಕ, ಅಂದರೆ ಕಂಟ್ರೋಲ್ ಯೂನಿಟ್. ಎರಡನೆಯದು ಮರೆ ಕಟ್ಟಿದ ಮತದಾನ ಕೋಷ್ಠದೊಳಗೆ ಇರುವ ಮತದಾನ ಘಟಕ, ಅಂದರೆ ಬ್ಯಾಲೆಟ್ ಯೂನಿಟ್. ಇವುಗಳ ಜೊತೆಗೆ ಮತದ ವಿವರವನ್ನು ಕಾಗದದ ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರವನ್ನು ಜೋಡಿಸಲಾಗುತ್ತದೆ. ಮತಗಳು ನಿಯಂತ್ರಣ ಘಟಕದ ಸ್ಮೃತಿಯಲ್ಲಿ ದಾಖಲಾಗುತ್ತವೆ. ಯಂತ್ರವು ಬ್ಯಾಟರಿಯಿಂದ ನಡೆಯುವುದರಿಂದ ವಿದ್ಯುತ್ ಸಂಪರ್ಕವಿಲ್ಲದ ಗ್ರಾಮಗಳಲ್ಲಿಯೂ ಬಳಸಬಹುದಾಗಿದೆ. ಇಂಟರ್‌ನೆಟ್ ಅಥವಾ ಇತರ ಯಾವುದೇ ಜಾಲಕ್ಕೆ ಅದನ್ನು ಜೋಡಿಸುವುದಿಲ್ಲ.

ಈ ಯಂತ್ರಗಳನ್ನು ಸಾರ್ವಜನಿಕ ವಲಯದ ಎರಡು ಉದ್ಯಮಗಳು ಮಾತ್ರ ತಯಾರಿಸುತ್ತವೆ. ಅವು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಲಿಮಿಟೆಡ್.

ಮತದಾನ ಘಟಕವು ತಾನಾಗಿಯೇ ಮತವನ್ನು ಸ್ವೀಕರಿಸುವುದಿಲ್ಲ. ಮತದಾರರ ಗುರುತನ್ನು ಪರಿಶೀಲಿಸಿ, ವಹಿಯಲ್ಲಿ ಸಹಿ ಪಡೆದು, ಬೆರಳಿಗೆ ಅಳಿಸಲಾಗದ ಶಾಯಿ ಹಚ್ಚಿದ ನಂತರ, ಮತಗಟ್ಟೆ ಅಧಿಕಾರಿಯು ನಿಯಂತ್ರಣ ಘಟಕದ ಬ್ಯಾಲೆಟ್ ಗುಂಡಿಯನ್ನು ಒತ್ತುತ್ತಾರೆ. ಆಗ ಮಾತ್ರ ಮತದಾನ ಘಟಕದಲ್ಲಿ ಹಸಿರು ದೀಪ ಬೆಳಗಿ, ಒಂದು ಮತಕ್ಕೆ ಅದು ಸಿದ್ಧವಾಗುತ್ತದೆ. ಮತದಾರರು ಆಯ್ದ ಅಭ್ಯರ್ಥಿಯ ಹೆಸರಿನ ಎದುರಿನ ನೀಲಿ ಗುಂಡಿಯನ್ನು ಒತ್ತಿದೊಡನೆ ಅದರ ಪಕ್ಕದ ಕೆಂಪು ದೀಪ ಬೆಳಗುತ್ತದೆ, ವಿವಿಪ್ಯಾಟ್‌ನಲ್ಲಿ ಚೀಟಿ ಮುದ್ರಣವಾಗುತ್ತದೆ, ನಂತರ ದೀರ್ಘ ಧ್ವನಿ ಕೇಳಿಸುತ್ತದೆ. ಆಮೇಲೆ ಅದೇ ಗುಂಡಿಯನ್ನಾಗಲಿ ಬೇರೆ ಗುಂಡಿಯನ್ನಾಗಲಿ ಎಷ್ಟು ಬಾರಿ ಒತ್ತಿದರೂ ಪ್ರಯೋಜನವಿಲ್ಲ. ಮತಗಟ್ಟೆ ಅಧಿಕಾರಿಯು ಮುಂದಿನ ಮತದಾರರಿಗಾಗಿ ಪುನಃ ಬ್ಯಾಲೆಟ್ ಗುಂಡಿಯನ್ನು ಒತ್ತುವವರೆಗೆ ಯಂತ್ರವು ಇನ್ನೊಂದು ಮತವನ್ನು ಸ್ವೀಕರಿಸುವುದಿಲ್ಲ.

ಮತಯಂತ್ರ ಜಾರಿಗೆ ಬಂದ ಬಗೆ

ಕೇರಳದ ಪರೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ 1982ರ ಮೇ 19ರಂದು ಮತಯಂತ್ರವನ್ನು ಪ್ರಥಮ ಬಾರಿಗೆ ಬಳಸಲಾಯಿತು. ಆ ಚುನಾವಣೆಯ ಫಲಿತಾಂಶವನ್ನು ಪ್ರಶ್ನಿಸಿ ಸಲ್ಲಿಸಲಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ತೀರ್ಪು ನೀಡಿ, ಕಾನೂನಿನಲ್ಲಿ ಉಪಬಂಧವಿಲ್ಲದೆ ಯಂತ್ರದ ಮೂಲಕ ಮತದಾನ ನಡೆಸಲು ಬರುವುದಿಲ್ಲವೆಂದು ಹೇಳಿತು. ಆ 50 ಮತಗಟ್ಟೆಗಳಲ್ಲಿ ಮತಪತ್ರಗಳ ಮೂಲಕ ಮರುಮತದಾನ ನಡೆದು ಫಲಿತಾಂಶವೂ ಬದಲಾಯಿತು. ಆ ತೀರ್ಪು ಯಂತ್ರವು ತಪ್ಪಾಗಿ ಎಣಿಸಿತೆಂಬ ಕಾರಣಕ್ಕೆ ಬಂದುದಲ್ಲ. ಅದರ ಬಳಕೆಗೆ ಅಂದು ಕಾನೂನಿನ ಅಧಿಕಾರವಿರಲಿಲ್ಲ.

ತರುವಾಯ ಸಂಸತ್ತು 1988ರ ಡಿಸೆಂಬರ್‌ನಲ್ಲಿ ಪ್ರಜಾ ಪ್ರಾತಿನಿಧ್ಯ ಅಧಿನಿಯಮ, 1951ಕ್ಕೆ ತಿದ್ದುಪಡಿ ತಂದು 61ಎ ಪ್ರಕರಣವನ್ನು ಸೇರಿಸಿತು. ಅದು 1989ರ ಮಾರ್ಚ್ 15ರಿಂದ ಜಾರಿಗೆ ಬಂದಿತು. 1998ರ ನವೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ದೆಹಲಿಯ ಒಟ್ಟು 16 ವಿಧಾನಸಭಾ ಕ್ಷೇತ್ರಗಳಲ್ಲಿ ಯಂತ್ರಗಳನ್ನು ಬಳಸಲಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ 543 ಕ್ಷೇತ್ರಗಳಲ್ಲಿಯೂ ಮತದಾನ ಯಂತ್ರಗಳ ಮೂಲಕವೇ ನಡೆಯಿತು.

ಒಂದು ಗುಂಡಿ, ಒಂದು ಮತ, ಒಂದು ಸ್ಥಾನ

ಪಕ್ಷದ ಚಿಹ್ನೆಯನ್ನು ಒಮ್ಮೆ ಒತ್ತಿದರೆ ಎಲ್ಲ ಚುನಾವಣೆಗಳಿಗೂ ಅದೇ ಪಕ್ಷಕ್ಕೆ ಮತ ಬೀಳುತ್ತದೆಯೇ ಎಂದು ಕೆಲವು ಮತದಾರರು ಕೇಳುವುದುಂಟು. ಭಾರತದಲ್ಲಿ ಅಂತಹ ವ್ಯವಸ್ಥೆ ಇಲ್ಲ. ಲೋಕಸಭೆ ಮತ್ತು ವಿಧಾನಸಭೆಗೆ ಏಕಕಾಲದಲ್ಲಿ ಚುನಾವಣೆ ನಡೆದಾಗ ಎರಡಕ್ಕೂ ಪ್ರತ್ಯೇಕ ನಿಯಂತ್ರಣ ಘಟಕ, ಪ್ರತ್ಯೇಕ ಮತದಾನ ಘಟಕಗಳನ್ನು ಇರಿಸಲಾಗುತ್ತದೆ. ಲೋಕಸಭೆಯ ಯಂತ್ರಕ್ಕೆ ಬಿಳಿ ಬಣ್ಣದ ಮತಪತ್ರವನ್ನೂ ವಿಧಾನಸಭೆಯ ಯಂತ್ರಕ್ಕೆ ಗುಲಾಬಿ ಬಣ್ಣದ ಮತಪತ್ರವನ್ನೂ ಅಳವಡಿಸಲಾಗುತ್ತದೆ. ಮತದಾರರು ಎರಡು ಯಂತ್ರಗಳಲ್ಲಿಯೂ ಪ್ರತ್ಯೇಕವಾಗಿ ಗುಂಡಿ ಒತ್ತಬೇಕು. ಒಂದರಲ್ಲಿ ಮಾಡಿದ ಆಯ್ಕೆಯು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದ ಕೆಲವು ರಾಜ್ಯಗಳಲ್ಲಿ ಬೇರೊಂದು ಪದ್ಧತಿಯಿದೆ. ಅಲ್ಲಿ ಒಂದೇ ದಿನ ರಾಷ್ಟ್ರಾಧ್ಯಕ್ಷರಿಂದ ಹಿಡಿದು ಸ್ಥಳೀಯ ಹುದ್ದೆಗಳವರೆಗೆ ಅನೇಕ ಸ್ಥಾನಗಳಿಗೆ ಮತದಾನ ನಡೆಯುವುದರಿಂದ, ಒಂದು ಗುರುತಿನ ಮೂಲಕ ಒಂದೇ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ನೀಡುವ ಅವಕಾಶ ಕಲ್ಪಿಸಲಾಗಿದೆ. ಇದನ್ನು ಸ್ಟ್ರೈಟ್ ಟಿಕೆಟ್ ಮತದಾನವೆಂದು ಕರೆಯುತ್ತಾರೆ. 2018ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಈ ಆಯ್ಕೆಯನ್ನು ಬಳಸಿದ ಕೆಲವು ಮತದಾರರು, ಅಂತಿಮ ಪರದೆಯಲ್ಲಿ ಒಂದು ಸ್ಥಾನದ ಮತ ಬೇರೆ ಅಭ್ಯರ್ಥಿಗೆ ಹೋಗಿರುವುದನ್ನು ಕಂಡು ದೂರಿದರು. ಪರದೆ ಪೂರ್ಣವಾಗಿ ಮೂಡುವ ಮೊದಲೇ ಮತದಾರರು ಗುಂಡಿ ಮತ್ತು ತಿರುಗುಚಕ್ರವನ್ನು ಬಳಸಿದ್ದರಿಂದ ಹೀಗಾಯಿತೆಂದು ಅಲ್ಲಿನ ಚುನಾವಣಾ ಅಧಿಕಾರಿಗಳು ವಿವರಿಸಿದರು. ಆ ಮಾದರಿಯ ಯಂತ್ರಗಳಲ್ಲಿ ಮತದಾರರು ನೋಡಬಹುದಾದ ಕಾಗದದ ದಾಖಲೆ ಇಲ್ಲದಿದ್ದುದರಿಂದ, ಪರದೆಯನ್ನು ಮತ್ತೊಮ್ಮೆ ಓದಿದವರಿಗೆ ಮಾತ್ರ ತಪ್ಪು ತಿಳಿಯಿತು. 2017ರಲ್ಲಿ ಅಂಗೀಕರಿಸಿದ ಕಾನೂನಿನಂತೆ ಟೆಕ್ಸಾಸ್ ರಾಜ್ಯವು 2020ರ ಚುನಾವಣೆಯಿಂದ ಸ್ಟ್ರೈಟ್ ಟಿಕೆಟ್ ಆಯ್ಕೆಯನ್ನು ಕೈಬಿಟ್ಟಿದೆ.

ಕಾಗದದ ದಾಖಲೆ ಇದ್ದಾಗ ಏನಾಗುತ್ತದೆ ಎಂಬುದಕ್ಕೂ ಅದೇ ದೇಶದಲ್ಲಿ ಉದಾಹರಣೆಯಿದೆ. 2019ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ನಾರ್ತಾಂಪ್ಟನ್ ಕೌಂಟಿಯಲ್ಲಿ ಸುಮಾರು 55,000 ಮತಪತ್ರಗಳು ಚಲಾವಣೆಯಾಗಿದ್ದವು. ನ್ಯಾಯಾಧೀಶ ಸ್ಥಾನದ ಅಭ್ಯರ್ಥಿಯೊಬ್ಬರಿಗೆ ಯಂತ್ರಗಳು ಮೊದಲು ತೋರಿಸಿದ ಮತಗಳು ಕೇವಲ 164. ಯಂತ್ರಗಳು ಮುದ್ರಿಸಿದ್ದ ಕಾಗದಗಳನ್ನು ಎಣಿಸಿದಾಗ ಅದೇ ಅಭ್ಯರ್ಥಿ ಅಲ್ಪ ಅಂತರದಿಂದ ಗೆದ್ದಿರುವುದು ಕಂಡುಬಂದಿತು. ಯಂತ್ರಗಳನ್ನು ಸಜ್ಜುಗೊಳಿಸುವಲ್ಲಿ ಆದ ಲೋಪವು ಕಾಗದದ ದಾಖಲೆ ಇದ್ದುದರಿಂದಲೇ ಸರಿಹೋಯಿತು.

ಭಾರತದ ಮತಯಂತ್ರವು ಒಂದು ಬಾರಿಗೆ ಒಂದೇ ಸ್ಥಾನಕ್ಕೆ ಒಂದೇ ಮತವನ್ನು ದಾಖಲಿಸುವ ಸರಳ ಸಾಧನವಾದುದರಿಂದ ಟೆಕ್ಸಾಸ್‌ನಲ್ಲಿ ಕಂಡುಬಂದ ಬಗೆಯ ಗೊಂದಲಕ್ಕೆ ಇಲ್ಲಿ ಆಸ್ಪದವಿಲ್ಲ. ಕರ್ನಾಟಕದ ಮತದಾರರು ಎರಡು ಸದನಗಳಿಗೆ ಬೇರೆ ಬೇರೆ ನಿರ್ಧಾರ ಕೈಗೊಂಡ ನಿದರ್ಶನವೂ ಉಂಟು. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ ಪಕ್ಷಕ್ಕೆ ದೊರೆತವು. ಮೂರು ತಿಂಗಳಲ್ಲಿ, 1985ರ ಮಾರ್ಚ್‌ನ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ 139 ಜನತಾ ಪಕ್ಷಕ್ಕೆ ದೊರೆತವು. ರಾಜ್ಯದಲ್ಲಿ 1999 ಮತ್ತು 2004ರಲ್ಲಿ ಎರಡೂ ಚುನಾವಣೆಗಳು ಒಟ್ಟಿಗೆ ನಡೆದವು. ಅಂತಹ ಸಂದರ್ಭದಲ್ಲಿ ಎರಡು ಯಂತ್ರಗಳ ಪ್ರತ್ಯೇಕತೆಯು ಮತದಾರರ ಎರಡು ನಿರ್ಧಾರಗಳ ಪ್ರತ್ಯೇಕತೆಯನ್ನು ಕಾಪಾಡುತ್ತದೆ.

ಸಂದೇಹಗಳು ಮತ್ತು ಅವುಗಳ ಪರಿಣಾಮ

ಮತಯಂತ್ರದ ಬಗೆಗಿನ ಸಂದೇಹಗಳನ್ನು ಪ್ರಾರಂಭದಿಂದಲೂ ನ್ಯಾಯಾಲಯಗಳ ಮುಂದೆ ಇರಿಸಲಾಗಿದೆ. 1999ರ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಚುನಾವಣೆಗೆ ಸಂಬಂಧಿಸಿದ ಅರ್ಜಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಯಂತ್ರದ ಭದ್ರತೆಯ ಬಗ್ಗೆ ತಜ್ಞರ ಸಾಕ್ಷ್ಯವನ್ನು ಪರಿಶೀಲಿಸಿ, 2004ರಲ್ಲಿ ಯಂತ್ರದ ಪರವಾಗಿ ಅಭಿಪ್ರಾಯ ನೀಡಿತು. 2010ರಲ್ಲಿ ಭಾರತ, ಅಮೆರಿಕ ಮತ್ತು ನೆದರ್ಲೆಂಡ್ಸ್ ದೇಶಗಳ ಸಂಶೋಧಕರ ತಂಡವೊಂದು, ಯಂತ್ರವು ಕೈಗೆ ಸಿಕ್ಕಿದಲ್ಲಿ ಅದರ ಫಲಿತಾಂಶ ಫಲಕವನ್ನು ಬದಲಿಸುವ ಮೂಲಕ ಅಥವಾ ಸ್ಮೃತಿಯನ್ನು ತಿದ್ದುವ ಮೂಲಕ ಮತಗಳನ್ನು ಮಾರ್ಪಡಿಸಲು ಸಾಧ್ಯವೆಂದು ತೋರಿಸಿತು. ಭಾರತ ಚುನಾವಣಾ ಆಯೋಗವು, ಮೊಹರು ಮತ್ತು ಪಹರೆಯ ನಡುವೆ ಇರುವ ಯಂತ್ರವನ್ನು ಹಾಗೆ ತೆರೆಯಲು ಅವಕಾಶವಿಲ್ಲವೆಂದು ಪ್ರತಿಪಾದಿಸಿತು. ಯಂತ್ರದ ಭದ್ರತೆಯು ಅದರ ಸುತ್ತಲಿನ ಕಾವಲಿನಿಂದ ಬೇರ್ಪಡಿಸಲಾಗದ್ದು ಎಂಬುದು ಈ ಎರಡೂ ವಾದಗಳಿಂದ ವ್ಯಕ್ತವಾಗುತ್ತದೆ.

ಜರ್ಮನಿಯ ಸಂವಿಧಾನ ನ್ಯಾಯಾಲಯವು 2009ರ ಮಾರ್ಚ್‌ನಲ್ಲಿ ಅಲ್ಲಿ ಬಳಸಲಾಗಿದ್ದ ಮತಯಂತ್ರಗಳನ್ನು ಅಸಾಂವಿಧಾನಿಕವೆಂದು ಘೋಷಿಸಿತು. ಮತದಾನ ಮತ್ತು ಎಣಿಕೆಯ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಪರಿಶೀಲಿಸುವಂತಿರಬೇಕು ಎಂಬುದು ಆ ತೀರ್ಪಿನ ಸಾರ. ಭಾರತದಲ್ಲಿ ವಿವಿಪ್ಯಾಟ್ ಈ ಅಗತ್ಯವನ್ನು ಪೂರೈಸಲು ಬಂದುದಾಗಿದೆ. 2013ರ ಆಗಸ್ಟ್‌ನಲ್ಲಿ ಚುನಾವಣೆಗಳನ್ನು ನಡೆಸುವ ನಿಯಮಗಳು, 1961ಕ್ಕೆ ತಿದ್ದುಪಡಿ ತರಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾಗಾಲ್ಯಾಂಡ್‌ನ ನೋಕ್ಸೆನ್ ಉಪಚುನಾವಣೆಯಲ್ಲಿ ವಿವಿಪ್ಯಾಟ್ ಪ್ರಥಮ ಬಾರಿಗೆ ಬಳಕೆಯಾಯಿತು. ಕಾಗದದ ದಾಖಲೆಯು ಮುಕ್ತ ಹಾಗೂ ನ್ಯಾಯಸಮ್ಮತ ಚುನಾವಣೆಗೆ ಅತ್ಯಗತ್ಯವೆಂದು ಸರ್ವೋಚ್ಚ ನ್ಯಾಯಾಲಯವು 2013ರ ಅಕ್ಟೋಬರ್ 8ರಂದು ತೀರ್ಪಿತ್ತಿತು. 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕ್ಷೇತ್ರಗಳಲ್ಲಿಯೂ ವಿವಿಪ್ಯಾಟ್ ಬಳಸಲಾಯಿತು.

ಮತದಾನಕ್ಕೆ ಮುಂಚಿನ ಪರಿಶೀಲನೆಗಳು

ಚುನಾವಣೆಗೆ ಮೊದಲು ಯಂತ್ರವು ಈ ಕೆಳಕಂಡ ಹಂತಗಳನ್ನು ಹಾದುಬರುತ್ತದೆ.

1. ಪ್ರಥಮ ಹಂತದ ತಪಾಸಣೆ: ತಯಾರಿಕಾ ಸಂಸ್ಥೆಗಳ ಇಂಜಿನಿಯರುಗಳು ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಸಮ್ಮುಖದಲ್ಲಿ ಪ್ರತಿ ಯಂತ್ರವನ್ನೂ ಪರೀಕ್ಷಿಸುತ್ತಾರೆ. ಕೆಲವು ಯಂತ್ರಗಳಲ್ಲಿ ಹೆಚ್ಚಿನ ಸಂಖ್ಯೆಯ ಅಣಕು ಮತಗಳನ್ನು ಹಾಕಿ ಫಲಿತಾಂಶವನ್ನು ತಾಳೆ ನೋಡಲಾಗುತ್ತದೆ. ಸರಿಯಿರುವ ಯಂತ್ರಗಳಿಗೆ ಗುಲಾಬಿ ಬಣ್ಣದ ಕಾಗದದ ಮೊಹರು ಹಾಕಲಾಗುತ್ತದೆ.

2. ಯಾದೃಚ್ಛಿಕ ಹಂಚಿಕೆ: ಯಾವ ಯಂತ್ರ ಯಾವ ವಿಧಾನಸಭಾ ಕ್ಷೇತ್ರಕ್ಕೆ ಹೋಗಬೇಕೆಂಬುದು ಒಮ್ಮೆ, ಆ ಕ್ಷೇತ್ರದ ಯಾವ ಮತಗಟ್ಟೆಗೆ ಹೋಗಬೇಕೆಂಬುದು ಇನ್ನೊಮ್ಮೆ, ಹೀಗೆ ಎರಡು ಬಾರಿ ಗಣಕಯಂತ್ರದ ಮೂಲಕ ನಿರ್ಧಾರವಾಗುತ್ತದೆ. ಯಂತ್ರಗಳ ಕ್ರಮಸಂಖ್ಯೆಗಳ ಪಟ್ಟಿಯನ್ನು ಪಕ್ಷಗಳಿಗೆ ಹಾಗೂ ಅಭ್ಯರ್ಥಿಗಳಿಗೆ ನೀಡಲಾಗುತ್ತದೆ.

3. ಅಭ್ಯರ್ಥಿಗಳ ವಿವರ ಅಳವಡಿಕೆ: ಕಣದಲ್ಲಿರುವ ಅಭ್ಯರ್ಥಿಗಳ ಪಟ್ಟಿ ಅಂತಿಮಗೊಂಡ ನಂತರವೇ ಮತಪತ್ರವನ್ನು ಯಂತ್ರದಲ್ಲಿ ಇರಿಸಿ, ವಿವಿಪ್ಯಾಟ್‌ಗೆ ಚಿಹ್ನೆಗಳನ್ನು ಸೇರಿಸಲಾಗುತ್ತದೆ. ಮಾನ್ಯತೆ ಪಡೆದ ಪಕ್ಷಗಳು, ನೋಂದಾಯಿತ ಪಕ್ಷಗಳು, ಪಕ್ಷೇತರರು ಎಂಬ ಕ್ರಮದಲ್ಲಿ, ಪ್ರತಿ ಗುಂಪಿನೊಳಗೆ ಅಕ್ಷರಾನುಕ್ರಮವಾಗಿ ಹೆಸರುಗಳು ಬರುವುದರಿಂದ, ಒಂದೇ ಪಕ್ಷದ ಅಭ್ಯರ್ಥಿಯು ಒಂದು ಕ್ಷೇತ್ರದಲ್ಲಿ ಮೊದಲನೆಯವರಾಗಿದ್ದು ನೆರೆಯ ಕ್ಷೇತ್ರದಲ್ಲಿ ನಾಲ್ಕನೆಯವರಾಗಿರಬಹುದು. ಯಾವ ಗುಂಡಿ ಯಾರದೆಂಬುದು ಯಂತ್ರ ತಯಾರಾದಾಗ ಯಾರಿಗೂ ತಿಳಿದಿರುವುದಿಲ್ಲ.

4. ಮತದಾನದ ದಿನದ ಅಣಕು ಮತದಾನ: ಮತದಾನ ಪ್ರಾರಂಭಕ್ಕೆ 90 ನಿಮಿಷಗಳ ಮುಂಚೆ ಮತಗಟ್ಟೆ ಏಜೆಂಟರ ಎದುರಿನಲ್ಲಿ ಕನಿಷ್ಠ 50 ಅಣಕು ಮತಗಳನ್ನು ಹಾಕಲಾಗುತ್ತದೆ. ನಿಯಂತ್ರಣ ಘಟಕದ ಫಲಿತಾಂಶವನ್ನು ವಿವಿಪ್ಯಾಟ್ ಚೀಟಿಗಳೊಡನೆ ತಾಳೆ ನೋಡಿ, ನಂತರ ಆ ಮತಗಳನ್ನು ಅಳಿಸಿ, ಚೀಟಿಗಳನ್ನು ಹೊರತೆಗೆದು ಪ್ರತ್ಯೇಕವಾಗಿ ಮೊಹರು ಮಾಡಲಾಗುತ್ತದೆ. ಒಟ್ಟು ಮತಗಳು ಶೂನ್ಯವೆಂದು ಏಜೆಂಟರಿಗೆ ತೋರಿಸಿದ ಮೇಲೆಯೇ ನೈಜ ಮತದಾನ ಆರಂಭವಾಗುತ್ತದೆ.

ಈ ನಾಲ್ಕು ಹಂತಗಳಲ್ಲಿಯೂ ಅಭ್ಯರ್ಥಿಗಳ ಅಥವಾ ಪಕ್ಷಗಳ ಪ್ರತಿನಿಧಿಗಳಿಗೆ ಹಾಜರಿರಲು ಅವಕಾಶವಿದೆ. ಅವರು ಬಾರದಿದ್ದರೆ ಅಧಿಕಾರಿಗಳು ಕಾರ್ಯವನ್ನು ನಿಲ್ಲಿಸುವಂತಿಲ್ಲ. ಆದರೆ ಅಂತಹ ಮತಗಟ್ಟೆಯಲ್ಲಿ ಸಾಕ್ಷಿಗಳೇ ಇಲ್ಲದೆ ಪರಿಶೀಲನೆ ನಡೆದಂತಾಗುತ್ತದೆ. ಬೆಳಿಗ್ಗೆ ಐದೂವರೆಗೆ ಮತಗಟ್ಟೆಗೆ ಬಂದು ಅಣಕು ಮತದಾನವನ್ನು ನೋಡುವ ಏಜೆಂಟರು ತಮ್ಮ ಅಭ್ಯರ್ಥಿಯ ಪರವಾಗಿ ಮಾತ್ರವಲ್ಲದೆ ಆ ಮತಗಟ್ಟೆಯ ಎಲ್ಲ ಮತದಾರರ ಪರವಾಗಿಯೂ ಸಾಕ್ಷಿಗಳಾಗಿರುತ್ತಾರೆ.

ಮತದಾರರ ಏಳು ಸೆಕೆಂಡುಗಳು

ಗುಂಡಿ ಒತ್ತಿದ ನಂತರ ವಿವಿಪ್ಯಾಟ್‌ನ ಪಾರದರ್ಶಕ ಕಿಂಡಿಯಲ್ಲಿ ಚೀಟಿಯೊಂದು ಕಾಣಿಸುತ್ತದೆ. ಅದರಲ್ಲಿ ಆಯ್ದ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು ಮತ್ತು ಚಿಹ್ನೆ ಇರುತ್ತವೆ. ಅದು ಏಳು ಸೆಕೆಂಡುಗಳ ಕಾಲ ಕಾಣಿಸಿಕೊಂಡು, ತಾನಾಗಿಯೇ ತುಂಡಾಗಿ ಕೆಳಗಿನ ಮೊಹರು ಮಾಡಿದ ಪೆಟ್ಟಿಗೆಗೆ ಬೀಳುತ್ತದೆ. ಚೀಟಿಯನ್ನು ಮತದಾರರ ಕೈಗೆ ಕೊಡುವುದಿಲ್ಲ. ಕೊಟ್ಟಲ್ಲಿ ಹಣ ಅಥವಾ ಬೆದರಿಕೆಯ ಮೂಲಕ ಮತ ಕೇಳಿದವರಿಗೆ ಅದನ್ನು ತೋರಿಸಬೇಕಾದ ಒತ್ತಡ ಉಂಟಾಗಿ ಮತದಾನದ ರಹಸ್ಯವು ಭಂಗವಾಗುತ್ತಿತ್ತು.

ಮತದಾರರು ತಮ್ಮದೇ ಮತವನ್ನು ಸ್ವತಃ ಪರಿಶೀಲಿಸಬಹುದಾದ ಹಂತ ಇದೊಂದೇ. ಕೆಂಪು ದೀಪವನ್ನು ನೋಡಿ, ಧ್ವನಿ ಕೇಳಿ, ಚೀಟಿಯತ್ತ ಕಣ್ಣು ಹಾಯಿಸದೆ ಹೊರಬಂದರೆ ಆ ಅವಕಾಶ ಪುನಃ ದೊರೆಯುವುದಿಲ್ಲ. ಬೇರೆ ಹೆಸರಿಗೆ ಮತ ಬಿದ್ದಿದೆ ಎಂದು ಮನೆಗೆ ಹೋದ ನಂತರ ದೂರಿದರೆ ಅದನ್ನು ಪರೀಕ್ಷಿಸಲು ಯಾವ ಮಾರ್ಗವೂ ಇರುವುದಿಲ್ಲ.

ಚೀಟಿಯಲ್ಲಿ ಬೇರೆ ಅಭ್ಯರ್ಥಿಯ ವಿವರ ಮುದ್ರಣವಾಗಿದ್ದಲ್ಲಿ ಮತದಾರರು ಮತಗಟ್ಟೆಯಲ್ಲಿದ್ದಾಗಲೇ ಅಧ್ಯಕ್ಷಾಧಿಕಾರಿಗೆ ತಿಳಿಸಬೇಕು. ಮುಂದಿನ ಕ್ರಮವನ್ನು ನಿಯಮ 49ಎಂಎ ನಿರೂಪಿಸುತ್ತದೆ. ಸುಳ್ಳು ಘೋಷಣೆ ನೀಡಿದರೆ ಶಿಕ್ಷೆಗೆ ಗುರಿಯಾಗಬೇಕಾಗುತ್ತದೆಂದು ಎಚ್ಚರಿಸಿದ ನಂತರ ಅಧ್ಯಕ್ಷಾಧಿಕಾರಿಯು ಮತದಾರರಿಂದ ಲಿಖಿತ ಘೋಷಣೆಯನ್ನು ಪಡೆಯುತ್ತಾರೆ. ಬಳಿಕ ಮತದಾರರ ವಹಿಯಾದ ನಮೂನೆ 17ಎಯಲ್ಲಿ ಎರಡನೆಯ ಬಾರಿ ನಮೂದಿಸಿ, ತಮ್ಮ ಹಾಗೂ ಹಾಜರಿರುವ ಏಜೆಂಟರ ಸಮ್ಮುಖದಲ್ಲಿ ಒಂದು ಪರೀಕ್ಷಾ ಮತ ಹಾಕಲು ಅನುಮತಿಸುತ್ತಾರೆ. ಆಗ ಮುದ್ರಣವಾಗುವ ಚೀಟಿಯನ್ನು ಎಲ್ಲರೂ ನೋಡುತ್ತಾರೆ. ದೂರು ನಿಜವಾಗಿದ್ದಲ್ಲಿ ಆ ಯಂತ್ರದಲ್ಲಿ ಮತದಾನವನ್ನು ಕೂಡಲೇ ನಿಲ್ಲಿಸಿ ಚುನಾವಣಾಧಿಕಾರಿಗೆ ವರದಿ ಮಾಡಲಾಗುತ್ತದೆ. ದೂರು ಸಾಬೀತಾಗದಿದ್ದಲ್ಲಿ ಪರೀಕ್ಷಾ ಮತವು ಯಾವ ಅಭ್ಯರ್ಥಿಗೆ ಬಿದ್ದಿತೆಂಬುದನ್ನು ವಹಿಯಲ್ಲಿ ಬರೆದು, ಮತಗಳ ಲೆಕ್ಕದಲ್ಲಿ ಕಳೆಯಲು ತೋರಿಸಲಾಗುತ್ತದೆ.

ಘೋಷಣೆಯ ಷರತ್ತು ಕಠಿಣವೆನಿಸಬಹುದು. ಒಬ್ಬರ ದೂರಿನ ಮೇಲೆ ಇಡೀ ಮತಗಟ್ಟೆಯ ಮತದಾನ ನಿಲ್ಲುವ ಸಂಭವವಿರುವುದರಿಂದ ಕಾನೂನು ಆ ಹೊಣೆಯನ್ನು ದೂರುದಾರರ ಮೇಲೆ ಇರಿಸಿದೆ. ಆದ್ದರಿಂದ ಗುಂಡಿ ಒತ್ತುವ ಮೊದಲೇ ತಾವು ಆಯ್ದ ಅಭ್ಯರ್ಥಿಯ ಕ್ರಮಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಚೀಟಿಯಲ್ಲಿ ಅದನ್ನೇ ಮೊದಲು ನೋಡುವುದು ಒಳಿತು. ಏಳು ಸೆಕೆಂಡುಗಳಲ್ಲಿ ಹೆಸರನ್ನು ಪೂರ್ತಿಯಾಗಿ ಓದಲಾಗದವರಿಗೂ ಸಂಖ್ಯೆ ಮತ್ತು ಚಿಹ್ನೆಗಳು ತಕ್ಷಣ ಗೋಚರಿಸುತ್ತವೆ. ದೃಷ್ಟಿದೋಷವುಳ್ಳ ಮತದಾರರಿಗಾಗಿ ಮತದಾನ ಘಟಕದ ಮೇಲೆ ಬ್ರೈಲ್ ಅಂಕಿಗಳಿರುತ್ತವೆ. ಅಗತ್ಯವಿದ್ದಲ್ಲಿ 18 ವರ್ಷ ತುಂಬಿದ ಸಹಾಯಕರೊಬ್ಬರನ್ನು ಜೊತೆಗೆ ಕರೆದೊಯ್ಯಲು ಅವಕಾಶವಿದೆ.

ಮತಗಳ ಲೆಕ್ಕ

ಮತದಾನ ಮುಗಿದ ಕೂಡಲೇ ಅಧ್ಯಕ್ಷಾಧಿಕಾರಿಯು ನಮೂನೆ 17ಸಿಯಲ್ಲಿ ದಾಖಲಾದ ಮತಗಳ ಲೆಕ್ಕವನ್ನು ಸಿದ್ಧಪಡಿಸಿ, ಹಾಜರಿರುವ ಪ್ರತಿ ಏಜೆಂಟರಿಗೂ ಅದರ ದೃಢೀಕೃತ ಪ್ರತಿಯನ್ನು ನೀಡಬೇಕು. ಇದು ಅಂಗಡಿಯ ದಿನವಹಿಯನ್ನು ಸಂಜೆ ನಗದು ಪೆಟ್ಟಿಗೆಯೊಡನೆ ತಾಳೆ ನೋಡುವಂತಹ ಸರಳ ಲೆಕ್ಕ. ಉದಾಹರಣೆಗೆ, ನಮೂನೆ 17ಎ ವಹಿಯಲ್ಲಿ 812 ಮತದಾರರ ನಮೂದು ಇದ್ದು, ಸಹಿ ಮಾಡಿದ ನಂತರ ಇಬ್ಬರು ಮತ ಚಲಾಯಿಸಲು ನಿರಾಕರಿಸಿದ್ದರೆ, ಯಂತ್ರದ ಒಟ್ಟು ಮತಗಳು 810 ಇರಬೇಕು. ಒಂದು ಹೆಚ್ಚಿದ್ದರೂ ಒಂದು ಕಡಿಮೆಯಿದ್ದರೂ ಅದಕ್ಕೆ ಕಾರಣವನ್ನು ತೋರಿಸಬೇಕಾಗುತ್ತದೆ. ಅಣಕು ಮತಗಳನ್ನು ಅಳಿಸದೆ ಮತದಾನ ಆರಂಭಿಸಿದ್ದರೆ ಆ ಲೋಪವೂ ಈ ಹಂತದಲ್ಲಿ ಹೊರಬೀಳುತ್ತದೆ. ಯಂತ್ರ, ಮೊಹರುಗಳ ಕ್ರಮಸಂಖ್ಯೆಯನ್ನೂ ದಾಖಲೆಗಳಲ್ಲಿ ಬರೆದಿಡುವುದರಿಂದ, ಮಾರ್ಗಮಧ್ಯದಲ್ಲಿ ಯಂತ್ರವನ್ನು ಬದಲಿಸಿದರೆ ಎಣಿಕೆ ಮೇಜಿನಲ್ಲಿ ಅದು ಬೆಳಕಿಗೆ ಬರುತ್ತದೆ.

ಒಂದು ಮತದ ಲೆಕ್ಕಕ್ಕೆ ಇಷ್ಟು ಮಹತ್ವವೇಕೆಂಬುದಕ್ಕೆ ಕರ್ನಾಟಕದಲ್ಲಿಯೇ ಉತ್ತರವಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ ವಿಜೇತ ಅಭ್ಯರ್ಥಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಸಮೀಪದ ಪ್ರತಿಸ್ಪರ್ಧಿ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ದೊರೆತವು. ಆ ಕ್ಷೇತ್ರದಲ್ಲಿ ಒಬ್ಬ ಮತದಾರರು ಬೇರೆ ಗುಂಡಿ ಒತ್ತಿದ್ದರೆ, ಅಥವಾ ಒಂದು ಮತಗಟ್ಟೆಯ ಲೆಕ್ಕದಲ್ಲಿ ಒಂದು ಮತದ ವ್ಯತ್ಯಾಸ ಗಮನಕ್ಕೆ ಬಾರದೆ ಉಳಿದಿದ್ದರೆ, ಫಲಿತಾಂಶವು ಬೇರೆಯಾಗುವ ಸಂಭವವಿತ್ತು.

ಎಣಿಕೆ ಮತ್ತು ಚೀಟಿಗಳ ತಾಳೆ

ಮತದಾನದ ನಂತರ ಯಂತ್ರಗಳನ್ನು ಭದ್ರತಾ ಕೊಠಡಿಯಲ್ಲಿರಿಸಿ, ಅಭ್ಯರ್ಥಿಗಳ ಪ್ರತಿನಿಧಿಗಳ ಸಮ್ಮುಖದಲ್ಲಿ ಬೀಗಮುದ್ರೆ ಹಾಕಲಾಗುತ್ತದೆ. ಬೀಗದ ಮೇಲೆ ಪ್ರತಿನಿಧಿಗಳು ತಮ್ಮ ಮೊಹರನ್ನೂ ಹಾಕಬಹುದು. ಎಣಿಕೆಯ ದಿನ ನಿಯಂತ್ರಣ ಘಟಕದ ಮೊಹರು, ಕ್ರಮಸಂಖ್ಯೆ ಮತ್ತು ಒಟ್ಟು ಮತಗಳನ್ನು ನಮೂನೆ 17ಸಿಯೊಡನೆ ಹೋಲಿಸಿದ ನಂತರ ಫಲಿತಾಂಶದ ಗುಂಡಿಯನ್ನು ಒತ್ತಲಾಗುತ್ತದೆ. ಏಜೆಂಟರು ಮತಗಟ್ಟೆಯಲ್ಲಿ ಪಡೆದ ಪ್ರತಿಯು ಈ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ.

ಸರ್ವೋಚ್ಚ ನ್ಯಾಯಾಲಯದ 2019ರ ಏಪ್ರಿಲ್ 8ರ ಆದೇಶದಂತೆ, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ, ಲೋಕಸಭಾ ಚುನಾವಣೆಯಾದಲ್ಲಿ ಅದರ ಪ್ರತಿ ವಿಧಾನಸಭಾ ವಿಭಾಗದಲ್ಲಿ, ಚೀಟಿ ಎತ್ತಿ ಆಯ್ದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ಯಂತ್ರದ ಫಲಿತಾಂಶದೊಡನೆ ತಾಳೆ ನೋಡಲಾಗುತ್ತದೆ. ಅದಕ್ಕೂ ಮೊದಲು ಒಂದು ಮತಗಟ್ಟೆಯಲ್ಲಿ ಮಾತ್ರ ಹೀಗೆ ಮಾಡಲಾಗುತ್ತಿತ್ತು. ಅಭ್ಯರ್ಥಿಯು ಇತರ ಮತಗಟ್ಟೆಗಳ ಚೀಟಿಗಳನ್ನೂ ಎಣಿಸುವಂತೆ ನಿಯಮ 56ಡಿ ಅಡಿಯಲ್ಲಿ ಲಿಖಿತವಾಗಿ ಕೋರಬಹುದು. ಕೋರಿಕೆಯ ಬಗ್ಗೆ ಚುನಾವಣಾಧಿಕಾರಿಯು ಕಾರಣ ಸಹಿತ ನಿರ್ಧಾರ ನೀಡಬೇಕು. ಯಂತ್ರದ ಸಂಖ್ಯೆಗೂ ಚೀಟಿಗಳ ಸಂಖ್ಯೆಗೂ ವ್ಯತ್ಯಾಸವಿದ್ದಲ್ಲಿ ಚೀಟಿಗಳ ಎಣಿಕೆಯೇ ಊರ್ಜಿತವಾಗುತ್ತದೆ. ಹೀಗಾಗಿ ಮತದಾರರು ಏಳು ಸೆಕೆಂಡುಗಳ ಕಾಲ ನೋಡುವ ಆ ಚೀಟಿಯು ಕಾನೂನಿನ ದೃಷ್ಟಿಯಲ್ಲಿ ಯಂತ್ರದ ಅಂಕಿಗಿಂತ ಮಿಗಿಲಾದ ದಾಖಲೆಯಾಗಿದೆ.

ಮತಪತ್ರಗಳಿಗೆ ಮರಳಬೇಕು, ಇಲ್ಲವೇ ಎಲ್ಲ ಚೀಟಿಗಳನ್ನೂ ಎಣಿಸಬೇಕು ಎಂಬ ಮನವಿಗಳನ್ನು ಸರ್ವೋಚ್ಚ ನ್ಯಾಯಾಲಯವು 2024ರ ಏಪ್ರಿಲ್ 26ರಂದು ತಿರಸ್ಕರಿಸಿತು. ಅದೇ ತೀರ್ಪಿನಲ್ಲಿ ಎರಡು ನಿರ್ದೇಶನಗಳನ್ನೂ ನೀಡಿತು. ವಿವಿಪ್ಯಾಟ್‌ಗೆ ಚಿಹ್ನೆಗಳನ್ನು ಸೇರಿಸಲು ಬಳಸಿದ ಸಾಧನಗಳನ್ನು ಮೊಹರು ಮಾಡಿ, ಫಲಿತಾಂಶದ ನಂತರ ಕನಿಷ್ಠ 45 ದಿನಗಳವರೆಗೆ ಯಂತ್ರಗಳೊಡನೆ ಇರಿಸತಕ್ಕದ್ದು. ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಯು ಏಳು ದಿನಗಳೊಳಗೆ ಲಿಖಿತವಾಗಿ ಕೋರಿದಲ್ಲಿ, ಪ್ರತಿ ವಿಧಾನಸಭಾ ವಿಭಾಗದ ಶೇಕಡ 5ರಷ್ಟು ಯಂತ್ರಗಳ ಸ್ಮೃತಿಯನ್ನು ತಯಾರಿಕಾ ಸಂಸ್ಥೆಯ ಇಂಜಿನಿಯರುಗಳಿಂದ ಪರಿಶೀಲಿಸತಕ್ಕದ್ದು. ಇದರ ವೆಚ್ಚವನ್ನು ಅಭ್ಯರ್ಥಿಯು ಭರಿಸಬೇಕು. ಯಂತ್ರವನ್ನು ತಿದ್ದಿರುವುದು ಕಂಡುಬಂದಲ್ಲಿ ಅದನ್ನು ಹಿಂದಿರುಗಿಸಲಾಗುತ್ತದೆ.

ಮತದಾರರು ಗಮನಿಸಬೇಕಾದ ಅಂಶಗಳು

1. ಮತದಾನದ ದಿನಕ್ಕೆ ಸಾಕಷ್ಟು ಮುಂಚೆ ಮತದಾರರ ಪಟ್ಟಿಯಲ್ಲಿ ಹೆಸರಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹೊಸದಾಗಿ ಹೆಸರು ಸೇರಿಸಲು ನಮೂನೆ 6ರಲ್ಲಿಯೂ, ತಿದ್ದುಪಡಿ ಅಥವಾ ವಿಳಾಸ ಬದಲಾವಣೆಗೆ ನಮೂನೆ 8ರಲ್ಲಿಯೂ ಅರ್ಜಿ ಸಲ್ಲಿಸಬೇಕು. ಮತಯಂತ್ರ ಎಷ್ಟೇ ಸುಭದ್ರವಾಗಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅದರಿಂದ ಉಪಯೋಗವಿಲ್ಲ.

2. ಹಸಿರು ದೀಪ ಬೆಳಗಿದ ನಂತರವೇ ಗುಂಡಿಯನ್ನು ಒತ್ತಬೇಕು. ದೀಪ ಬೆಳಗದಿದ್ದಲ್ಲಿ ಅಧ್ಯಕ್ಷಾಧಿಕಾರಿಗೆ ತಿಳಿಸಬೇಕು.

3. ಚೀಟಿಯಲ್ಲಿ ಕ್ರಮಸಂಖ್ಯೆ, ಹೆಸರು, ಚಿಹ್ನೆಗಳನ್ನು ನೋಡಿ, ಧ್ವನಿ ಕೇಳಿದ ನಂತರವೇ ಕೋಷ್ಠದಿಂದ ಹೊರಬರಬೇಕು. ಚೀಟಿ ಕಾಣಿಸದಿದ್ದಲ್ಲಿ ಅಥವಾ ಧ್ವನಿ ಕೇಳಿಸದಿದ್ದಲ್ಲಿ ಸ್ಥಳದಲ್ಲಿಯೇ ತಿಳಿಸಬೇಕು.

4. ಏಕಕಾಲದ ಚುನಾವಣೆಯಲ್ಲಿ ಎರಡು ಯಂತ್ರಗಳಲ್ಲಿಯೂ ಮತ ಹಾಕಲು ಮರೆಯಬಾರದು. ಎರಡೂ ಚೀಟಿಗಳನ್ನು ಪ್ರತ್ಯೇಕವಾಗಿ ನೋಡಬೇಕು.

5. ತಮ್ಮ ಹೆಸರಿನಲ್ಲಿ ಬೇರೆಯವರು ಈಗಾಗಲೇ ಮತ ಚಲಾಯಿಸಿರುವುದು ತಿಳಿದುಬಂದಲ್ಲಿ, ಗುರುತನ್ನು ರುಜುವಾತುಪಡಿಸಿ ನಿಯಮ 49ಪಿ ಅಡಿಯಲ್ಲಿ ಕಾಗದದ ಮತಪತ್ರದ ಮೂಲಕ ಮತ ನೀಡುವ ಹಕ್ಕು ಮತದಾರರಿಗಿದೆ. ಇದನ್ನು ಯಂತ್ರದಲ್ಲಿ ದಾಖಲಿಸುವುದಿಲ್ಲ.

6. ಮತದಾನ ಕೋಷ್ಠದಲ್ಲಿ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಲಾಗಿದೆ. ಚೀಟಿಯ ಚಿತ್ರ ತೆಗೆಯುವುದು ಮತದಾನದ ರಹಸ್ಯದ ಉಲ್ಲಂಘನೆಯಾಗುತ್ತದೆ.

ಈ ವಿವರಣೆಯು ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಿಗೆ ಮಾತ್ರ ಅನ್ವಯಿಸುತ್ತದೆ. ಗ್ರಾಮ ಪಂಚಾಯಿತಿ ಮೊದಲಾದ ಪಂಚಾಯತ್ ಸಂಸ್ಥೆಗಳ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನು ರಾಜ್ಯ ಚುನಾವಣಾ ಆಯೋಗವು ಪ್ರತ್ಯೇಕ ಕಾನೂನುಗಳ ಪ್ರಕಾರ ನಡೆಸುತ್ತದೆ.

ಮತಯಂತ್ರದ ಬಗೆಗಿನ ಸಂದೇಹವನ್ನು ಪರಿಶೀಲಿಸಲು ಸಾಧ್ಯವಿರುವ ಸ್ಥಳದಲ್ಲಿ, ಸಾಧ್ಯವಿರುವ ಸಮಯದಲ್ಲಿ ವ್ಯಕ್ತಪಡಿಸುವುದು ಅವಶ್ಯಕ. ಏಜೆಂಟರಿಗೆ ಅದು ಅಣಕು ಮತದಾನದ ವೇಳೆ ಮತ್ತು ನಮೂನೆ 17ಸಿ ಪಡೆಯುವ ವೇಳೆ. ಅಭ್ಯರ್ಥಿಗೆ ಅದು ಎಣಿಕೆಯ ಮೇಜು ಹಾಗೂ ಫಲಿತಾಂಶದ ನಂತರದ ಏಳು ದಿನಗಳು. ಮತದಾರರಿಗೆ ಅದು ಮತದಾನ ಕೋಷ್ಠದೊಳಗಿನ ಏಳು ಸೆಕೆಂಡುಗಳು.

ಹೆಚ್ಚಿನ ಮಾಹಿತಿಗಾಗಿ ಮತದಾರರ ಸಹಾಯವಾಣಿ ಸಂಖ್ಯೆ 1950ಕ್ಕೆ ಕರೆ ಮಾಡಬಹುದು, ಅಥವಾ ತಮ್ಮ ಮತಗಟ್ಟೆ ಮಟ್ಟದ ಅಧಿಕಾರಿ, ತಹಶೀಲ್ದಾರರ ಕಚೇರಿಯ ಚುನಾವಣಾ ಶಾಖೆ ಇಲ್ಲವೇ ಜಿಲ್ಲಾ ಚುನಾವಣಾಧಿಕಾರಿಯವರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.